ದೀರ್ಘ ಲೇಓವರ್: ದೇವನಹಳ್ಳಿಯಲ್ಲಿ ಕೈಗೆ ಸಿಗುವ ಗಂಟೆಗಳ ಸದುಪಯೋಗ ಹೇಗೆ?

ಬೆಂಗಳೂರು: ಹುಬ್ಬಳ್ಳಿ, ಬೆಳಗಾವಿ ಅಥವಾ ಮಂಗಳೂರಿನಿಂದ ಹೊರಟು ದೆಹಲಿಗೋ ಕೋಲ್ಕತ್ತಕ್ಕೋ ಹೋಗಬೇಕಾದವರು, ವಿದೇಶದಿಂದ ಬಂದು ತಮ್ಮ ಊರಿನ ವಿಮಾನ ಹಿಡಿಯಬೇಕಾದವರು ಬೆಂಗಳೂರಿನ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಲ್ಲಿ ಐದಾರು ಗಂಟೆ, ಕೆಲವೊಮ್ಮೆ ಹತ್ತು ಹನ್ನೆರಡು ಗಂಟೆ ಕಾಯುವ ಪ್ರಸಂಗ ಅಪರೂಪವೇನಲ್ಲ. ಒಂದು ವಿಮಾನದಿಂದ ಇಳಿದು ಮತ್ತೊಂದನ್ನು ಹತ್ತುವ ನಡುವಿನ ಈ ಅವಧಿಗೆ ವಿಮಾನಯಾನದ ಭಾಷೆಯಲ್ಲಿ ‘ಲೇಓವರ್’ ಎಂದು ಹೆಸರು.

ಇಷ್ಟು ಹೊತ್ತನ್ನು ಕುರ್ಚಿಯ ಮೇಲೆ ತೂಕಡಿಸುತ್ತ ಕಳೆಯುವವರು ಒಂದು ಬಗೆ. ‘ಹೇಗೂ ಬೆಂಗಳೂರಿಗೆ ಬಂದಾಯಿತು, ಮೆಜೆಸ್ಟಿಕ್‌ಗೆ ಹೋಗಿ ಬಂದುಬಿಡೋಣ’ ಎಂದು ಹೊರಟು, ಹಿಂದಿರುಗುವಾಗ ಹೆಬ್ಬಾಳದ ವಾಹನ ದಟ್ಟಣೆಯಲ್ಲಿ ಸಿಲುಕಿ ಮುಂದಿನ ವಿಮಾನವನ್ನೇ ಕಳೆದುಕೊಳ್ಳುವವರು ಇನ್ನೊಂದು ಬಗೆ. ಇವೆರಡರ ನಡುವೆ ಮೂರನೆಯ ದಾರಿಯೊಂದಿದೆ. ವಿಮಾನ ನಿಲ್ದಾಣ ಇರುವುದು ಬೆಂಗಳೂರು ನಗರದೊಳಗಲ್ಲ, ನಗರದ ಮಧ್ಯಭಾಗದಿಂದ ಸುಮಾರು 35 ಕಿ.ಮೀ. ಉತ್ತರಕ್ಕೆ, ದೇವನಹಳ್ಳಿಯ ಮಗ್ಗುಲಲ್ಲಿ. ನಗರಕ್ಕೆ ಬೆನ್ನು ಮಾಡಿ ಉತ್ತರಕ್ಕೆ ಹೊರಟರೆ ಗಂಟೆಯೊಳಗೆ ತಲುಪಬಹುದಾದ ಕೋಟೆ, ದೇಗುಲ ಹಾಗೂ ಬೆಟ್ಟಗಳು ಅಲ್ಲಿವೆ. ರಸ್ತೆಯೂ ಹೆಚ್ಚು ನಂಬಿಕೆಗೆ ಅರ್ಹ. ಆದರೆ ಹೊರಡುವ ಮುನ್ನ ಲೆಕ್ಕ ಹಾಕಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಮಾತು ಹಣಕ್ಕೆ ಅನ್ವಯಿಸುವಂತೆ ಸಮಯಕ್ಕೂ ಅನ್ವಯಿಸುತ್ತದೆ.

ಗಡಿಯಾರದ ಗಂಟೆ, ಕೈಯಲ್ಲುಳಿಯುವ ಗಂಟೆ

ಟಿಕೆಟ್ಟಿನಲ್ಲಿ ಎಂಟು ಗಂಟೆಯ ಅಂತರವಿದ್ದರೆ ಪ್ರಯಾಣಿಕರ ಕೈಯಲ್ಲಿ ಎಂಟು ಗಂಟೆ ಇರುವುದಿಲ್ಲ. ಉದಾಹರಣೆಗೆ, ವಿಮಾನ ಬೆಳಿಗ್ಗೆ 9ಕ್ಕೆ ನೆಲ ಮುಟ್ಟುತ್ತದೆ, ಮುಂದಿನ ದೇಶೀಯ ವಿಮಾನ ಸಂಜೆ 5ಕ್ಕೆ ಹೊರಡುತ್ತದೆ ಎಂದಿಟ್ಟುಕೊಳ್ಳೋಣ. ವಿಮಾನದಿಂದ ಇಳಿದು, ಸಾಮಾನು ಪಡೆದು, ಹೊರಬಾಗಿಲು ದಾಟುವಷ್ಟರಲ್ಲಿ 9.45 ಆಗಿರುತ್ತದೆ. ದೇಶೀಯ ಪ್ರಯಾಣಕ್ಕೆ ಎರಡು ಗಂಟೆ ಮುಂಚಿತವಾಗಿ ಟರ್ಮಿನಲ್ ಬಾಗಿಲಲ್ಲಿರುವುದು ಕ್ಷೇಮ. ಅಂದರೆ ಮಧ್ಯಾಹ್ನ 3ರೊಳಗೆ ಹಿಂದಿರುಗಿರಬೇಕು. ಉಳಿದದ್ದು 5 ಗಂಟೆ 15 ನಿಮಿಷ. ಟೈರ್ ಪಂಕ್ಚರ್, ಮಳೆ, ರಸ್ತೆ ತಡೆ ಇತ್ಯಾದಿಗಳಿಗೆಂದು ಒಂದು ಗಂಟೆಯನ್ನು ಮುಟ್ಟದೆ ತೆಗೆದಿಟ್ಟರೆ, ಓಡಾಟಕ್ಕೂ ನೋಡುವುದಕ್ಕೂ ಸೇರಿ ಸಿಗುವುದು 4 ಗಂಟೆ 15 ನಿಮಿಷ ಮಾತ್ರ.

ಈಗ ಎರಡು ದಾರಿಗಳನ್ನು ತೂಗಿ ನೋಡಬಹುದು. ನಗರದ ಮಧ್ಯಕ್ಕೆ ಹಗಲಿನಲ್ಲಿ ಹೋಗಿ ಬರಲು ಮೂರು ಗಂಟೆಯನ್ನಾದರೂ ಹಿಡಿಯಬೇಕು. ನೋಡಲು ಉಳಿಯುವುದು ಒಂದೂಕಾಲು ಗಂಟೆ. ದೇವನಹಳ್ಳಿ ಕೋಟೆಗೆ ಹೋಗಿ ಬರಲು ಮುಕ್ಕಾಲು ಗಂಟೆ ಸಾಕು. ನೋಡಲು ಮೂರೂವರೆ ಗಂಟೆ ಸಿಗುತ್ತದೆ. ಅದೇ ಲೇಓವರ್, ಅದೇ ಗಡಿಯಾರ. ದಿಕ್ಕು ಬದಲಾದೊಡನೆ ಕೈಗೆ ಸಿಗುವ ಹೊತ್ತು ಎರಡೂವರೆ ಪಟ್ಟಿಗೂ ಮಿಕ್ಕಿ ಹೆಚ್ಚುತ್ತದೆ.

ಮುಂದಿನ ವಿಮಾನ ಅಂತರರಾಷ್ಟ್ರೀಯವಾಗಿದ್ದರೆ ಎರಡರ ಬದಲು ಮೂರು ಗಂಟೆ ಮುಂಚಿತವಾಗಿ ಹಿಂದಿರುಗಬೇಕು. ಬಂದದ್ದು ವಿದೇಶದಿಂದಾದರೆ ವಲಸೆ ಹಾಗೂ ಕಸ್ಟಮ್ಸ್ ತಪಾಸಣೆಗೆಂದು ಮತ್ತೊಂದು ಗಂಟೆಯನ್ನು ಕಳೆಯಬೇಕು. ದೇಶೀಯ ವಿಮಾನಗಳ ಚೆಕ್-ಇನ್ ಕೌಂಟರ್ ಸಾಮಾನ್ಯವಾಗಿ ಹೊರಡುವ 60 ನಿಮಿಷ ಮೊದಲು, ಹತ್ತುವ ಗೇಟು 25 ನಿಮಿಷ ಮೊದಲು ಮುಚ್ಚುತ್ತವೆ. ಮುಚ್ಚಿದ ಬಾಗಿಲು ಯಾರ ಕೋರಿಕೆಗೂ ತೆರೆಯುವುದಿಲ್ಲ.

ಟಿಕೆಟ್ ಒಂದೋ, ಎರಡೋ?

ಎರಡೂ ವಿಮಾನಗಳಿಗೆ ಒಂದೇ ಬುಕಿಂಗ್ ಸಂಖ್ಯೆಯ ಟಿಕೆಟ್ ಇದ್ದರೆ, ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದಾಗ ಬದಲಿ ವ್ಯವಸ್ಥೆ ಮಾಡುವ ಹೊಣೆ ವಿಮಾನಯಾನ ಸಂಸ್ಥೆಯದು. ಅಗ್ಗದ ದರಕ್ಕೆ ಮನಸೋತು ಎರಡು ಬೇರೆ ಬೇರೆ ಟಿಕೆಟ್ ಖರೀದಿಸಿದವರಿಗೆ ಈ ರಕ್ಷಣೆ ಇರುವುದಿಲ್ಲ. ಎರಡನೆಯ ಸಂಸ್ಥೆಯ ದೃಷ್ಟಿಯಲ್ಲಿ ಅವರು ಸಮಯಕ್ಕೆ ಬಾರದ ಪ್ರಯಾಣಿಕರು, ಅಷ್ಟೆ. ಅಂಥವರು ಮೊದಲ ವಿಮಾನ ನಿಜವಾಗಿ ಇಳಿದ ಮೇಲೆಯೇ ಹೊರಗಿನ ಓಡಾಟವನ್ನು ನಿರ್ಧರಿಸುವುದು ಲೇಸು.

ಒಂದೇ ಟಿಕೆಟ್ ಇದ್ದವರಿಗೂ ಒಂದು ಎಚ್ಚರಿಕೆ: ಊರು ನೋಡಲು ಹೊರಗೆ ಹೋಗಿ ತಡವಾಗಿ ಬಂದರೆ ಅದು ಪ್ರಯಾಣಿಕರ ತಪ್ಪೇ ಹೊರತು ಸಂಸ್ಥೆಯದಲ್ಲ. ಆಗ ಹೊಸ ಟಿಕೆಟ್ಟಿನ ಹಣವನ್ನು ಅವರೇ ತೆರಬೇಕಾಗುತ್ತದೆ. ಕೊನೆಯ ಗಳಿಗೆಯ ದರ ಮೊದಲ ಟಿಕೆಟ್ಟಿನ ಹಲವು ಪಟ್ಟು ಇರಬಹುದು.

ಸಾಮಾನಿನ ವಿಷಯವನ್ನೂ ಮೊದಲೇ ಕೇಳಿಕೊಳ್ಳಬೇಕು. ಒಂದೇ ಟಿಕೆಟ್ಟಿನ ದೇಶೀಯ ಪ್ರಯಾಣದಲ್ಲಿ ಒಪ್ಪಿಸಿದ ಪೆಟ್ಟಿಗೆಗಳು ಸಾಮಾನ್ಯವಾಗಿ ನೇರವಾಗಿ ಕೊನೆಯ ಊರಿಗೆ ಹೋಗುತ್ತವೆ. ಮೊದಲ ಊರಿನ ಕೌಂಟರಿನಲ್ಲಿ ಪೆಟ್ಟಿಗೆಗೆ ಕಟ್ಟುವ ಚೀಟಿಯ ಮೇಲೆ ಯಾವ ಊರಿನ ಹೆಸರಿದೆ ಎಂದು ನೋಡಿದರೆ ಸಂಶಯ ಪರಿಹಾರವಾಗುತ್ತದೆ. ವಿದೇಶದಿಂದ ಬಂದು ದೇಶೀಯ ವಿಮಾನಕ್ಕೆ ಬದಲಾಗುವವರು ಭಾರತದಲ್ಲಿ ಮೊದಲು ಇಳಿದ ನಿಲ್ದಾಣದಲ್ಲಿಯೇ ವಲಸೆ ತಪಾಸಣೆ ಮುಗಿಸಿ, ಪೆಟ್ಟಿಗೆ ಪಡೆದು, ಕಸ್ಟಮ್ಸ್ ದಾಟಿ, ಅನಂತರ ಮತ್ತೆ ಒಪ್ಪಿಸುವುದು ವಾಡಿಕೆ. ಸಾಮಾನು ಕೈಯಲ್ಲೇ ಉಳಿದರೆ ನಿಲ್ದಾಣದಲ್ಲಿ ಶುಲ್ಕ ತೆತ್ತು ಇರಿಸುವ ವ್ಯವಸ್ಥೆಯುಂಟು. ದೊಡ್ಡ ಪೆಟ್ಟಿಗೆ ಹೊತ್ತು ಬೆಟ್ಟ ಹತ್ತುವ ಸಾಹಸ ಬೇಡ.

ಹೊರಗೆ ಹೋಗಲು ಯಾರಿಗೆ ಅವಕಾಶ?

ದೇಶೀಯ ಪ್ರಯಾಣಿಕರು ನಿರಾತಂಕವಾಗಿ ಹೊರಗೆ ಹೋಗಿ ಬರಬಹುದು. ಮರಳಿ ಬರುವಾಗ ಟಿಕೆಟ್ ಅಥವಾ ಬೋರ್ಡಿಂಗ್ ಪಾಸ್ ಹಾಗೂ ಭಾವಚಿತ್ರವುಳ್ಳ ಗುರುತಿನ ಚೀಟಿಯನ್ನು ಬಾಗಿಲಲ್ಲಿರುವ ಕೇಂದ್ರೀಯ ಕೈಗಾರಿಕಾ ಭದ್ರತಾ ಪಡೆಯ ಸಿಬ್ಬಂದಿಗೆ ತೋರಿಸಬೇಕು. ಮುಖ ಗುರುತಿಸಿ ಒಳಬಿಡುವ ‘ಡಿಜಿಯಾತ್ರಾ’ ವ್ಯವಸ್ಥೆ 2022ರ ಡಿಸೆಂಬರ್ 1ರಂದು ಬೆಂಗಳೂರು, ದೆಹಲಿ ಹಾಗೂ ವಾರಾಣಸಿಯಲ್ಲಿ ಆರಂಭವಾಯಿತು. ಅದರಲ್ಲಿ ನೋಂದಾಯಿಸಿಕೊಂಡ ದೇಶೀಯ ಪ್ರಯಾಣಿಕರಿಗೆ ಬಾಗಿಲಿನ ಸರದಿ ಕಡಿಮೆಯಾಗುತ್ತದೆ.

ವಿದೇಶಕ್ಕೆ ಹೊರಟವರು ನಿರ್ಗಮನದ ವಲಸೆ ತಪಾಸಣೆಗೆ ಮುನ್ನ ಮಾತ್ರ ಹೊರಗೆ ಹೋಗಿ ಬರಬಹುದು. ಪಾಸ್‌ಪೋರ್ಟಿಗೆ ಮುದ್ರೆ ಬಿದ್ದ ಬಳಿಕ ಆ ಅವಕಾಶವಿರುವುದಿಲ್ಲ. ವಿದೇಶೀ ಪೌರತ್ವ ಹೊಂದಿದ ಬಂಧುಗಳು ಜೊತೆಗಿದ್ದರೆ ಅವರ ಬಳಿ ಭಾರತದ ವೀಸಾ ಅಥವಾ ಸಾಗರೋತ್ತರ ಭಾರತೀಯ ಪೌರತ್ವದ ಕಾರ್ಡು ಇರಲೇಬೇಕು.

ಎರಡು ಟರ್ಮಿನಲ್‌ಗಳ ಗೊಂದಲವನ್ನೂ ಮೊದಲೇ ಬಗೆಹರಿಸಿಕೊಳ್ಳಬೇಕು. 2023ರ ಸೆಪ್ಟೆಂಬರ್ 12ರಿಂದ ಅಂತರರಾಷ್ಟ್ರೀಯ ವಿಮಾನಗಳು ಎರಡನೇ ಟರ್ಮಿನಲ್‌ಗೆ ಸ್ಥಳಾಂತರಗೊಂಡವು. ದೇಶೀಯ ಸಂಸ್ಥೆಗಳು ಎರಡೂ ಕಡೆ ಹಂಚಿಹೋಗಿವೆ. ಟರ್ಮಿನಲ್‌ಗಳ ನಡುವೆ ಉಚಿತ ಬಸ್ ಓಡಾಡುತ್ತದೆ. ಮುಂದಿನ ವಿಮಾನ ಯಾವ ಟರ್ಮಿನಲ್‌ನಿಂದ ಹೊರಡುತ್ತದೆ ಎಂಬುದನ್ನು ಟಿಕೆಟ್ಟಿನಲ್ಲಿ ನೋಡಿಕೊಂಡು, ಟ್ಯಾಕ್ಸಿ ಚಾಲಕನಿಗೂ ಅದನ್ನೇ ತಿಳಿಸಬೇಕು.

ಆರು ಗಂಟೆಗಿಂತ ಕಡಿಮೆಯಿದ್ದರೆ: ಆವರಣದೊಳಗೇ ಇರಿ

ಆರು ಗಂಟೆಯೊಳಗಿನ ಲೇಓವರ್‌ನಲ್ಲಿ ಹೊರಗಿನ ಓಡಾಟ ಲಾಭಕ್ಕಿಂತ ಆತಂಕವನ್ನೇ ಹೆಚ್ಚು ತರುತ್ತದೆ. ನಿಲ್ದಾಣದಲ್ಲಿಯೂ ನೋಡತಕ್ಕದ್ದು ಇಲ್ಲದಿಲ್ಲ.

2008ರ ಮೇ 24ರಂದು ಈ ನಿಲ್ದಾಣ ಕಾರ್ಯಾರಂಭ ಮಾಡಿತು. ಅಲ್ಲಿಯವರೆಗೆ ನಗರದೊಳಗಿನ ಎಚ್‌ಎಎಲ್ ನಿಲ್ದಾಣವೇ ಬೆಂಗಳೂರಿನ ವಿಮಾನ ಬಾಗಿಲಾಗಿತ್ತು. 2013ರ ಡಿಸೆಂಬರಿನಲ್ಲಿ ಹೊಸ ನಿಲ್ದಾಣಕ್ಕೆ ಕೆಂಪೇಗೌಡರ ಹೆಸರಿಡಲಾಯಿತು. 2022ರ ನವೆಂಬರ್ 11ರಂದು ಉದ್ಘಾಟನೆಗೊಂಡ ಎರಡನೇ ಟರ್ಮಿನಲ್ ‘ಉದ್ಯಾನದೊಳಗಿನ ಟರ್ಮಿನಲ್’ ಎಂಬ ಕಲ್ಪನೆಯ ಮೇಲೆ ರೂಪುಗೊಂಡಿದೆ. ಬಿದಿರಿನಿಂದ ಹೆಣೆದ ಚಾವಣಿ, ಮೇಲಿನಿಂದ ಇಳಿಬಿಟ್ಟ ಗಿಡಗಳ ತೂಗುತೋಟ, ಕಟ್ಟಡಕ್ಕೂ ವಿಮಾನ ಹತ್ತುವ ಗೇಟುಗಳಿಗೂ ನಡುವೆ ಬೆಳೆಸಿದ ಹಸಿರು ಪಟ್ಟಿ ಇಲ್ಲಿನ ವಿಶೇಷ. ಭರತನ ನಾಟ್ಯಶಾಸ್ತ್ರದಲ್ಲಿ ಬೇರೂರಿದ ನವರಸಗಳ ಕಲ್ಪನೆಯನ್ನು ಆಧರಿಸಿದ ಕಲಾಕೃತಿಗಳನ್ನು ಟರ್ಮಿನಲ್‌ನ ಉದ್ದಕ್ಕೂ ಇರಿಸಲಾಗಿದೆ. ಅವಸರವಿಲ್ಲದ ಪ್ರಯಾಣಿಕರು ಇವುಗಳನ್ನು ಒಂದೊಂದಾಗಿ ನೋಡುತ್ತ ಸಾಗಿದರೆ ಗಂಟೆ ಸರಿದದ್ದೇ ತಿಳಿಯುವುದಿಲ್ಲ.

ಟರ್ಮಿನಲ್ ಉದ್ಘಾಟನೆಯ ದಿನವೇ ಅನಾವರಣಗೊಂಡ 108 ಅಡಿ ಎತ್ತರದ ಕೆಂಪೇಗೌಡರ ಕಂಚಿನ ಪ್ರತಿಮೆ ನಿಲ್ದಾಣದ ಆವರಣದಲ್ಲಿಯೇ ಇದೆ. ಇದನ್ನು ರೂಪಿಸಿದವರು ಹೆಸರಾಂತ ಶಿಲ್ಪಿ ರಾಮ್ ಸುತಾರ್. ಹೊರಗೆ ಹೋಗುವಷ್ಟು ಸಮಯವಿಲ್ಲ, ಒಳಗೆ ಕೂರಲು ಮನಸ್ಸಿಲ್ಲ ಎನ್ನುವವರಿಗೆ ಇದು ಒಳ್ಳೆಯ ನಡುಹಾದಿ.

ಆರರಿಂದ ಎಂಟು ಗಂಟೆ: ದೇವನಹಳ್ಳಿ

ವಿಮಾನದ ಕಿಟಕಿಯಿಂದ ಕಾಣುವ ದೇವನಹಳ್ಳಿ ಪಟ್ಟಣಕ್ಕೆ ಟರ್ಮಿನಲ್‌ನಿಂದ ಇಪ್ಪತ್ತು ಇಪ್ಪತ್ತೈದು ನಿಮಿಷದ ದಾರಿ. ಇಲ್ಲಿನ ಕೋಟೆಯನ್ನು 1501ರಲ್ಲಿ ಆವತಿಯ ಮನೆತನದ ಮಲ್ಲಬೈರೇಗೌಡ ಮಣ್ಣಿನಿಂದ ಕಟ್ಟಿಸಿದನೆಂದು ಇತಿಹಾಸ ಹೇಳುತ್ತದೆ. 18ನೇ ಶತಮಾನದ ನಡುಭಾಗದಲ್ಲಿ ಮೈಸೂರಿನ ದಳವಾಯಿ ನಂಜರಾಜಯ್ಯನ ಸೈನ್ಯ ಇದನ್ನು ಮುತ್ತಿ ವಶಪಡಿಸಿಕೊಂಡಿತು. ಆ ಮುತ್ತಿಗೆಯಲ್ಲಿ ತೋರಿದ ಸಾಹಸದಿಂದ ಮೇಲಧಿಕಾರಿಗಳ ಕಣ್ಣಿಗೆ ಬಿದ್ದ ಸೈನಿಕನೇ ಮುಂದೆ ಮೈಸೂರನ್ನು ಆಳಿದ ಹೈದರ್ ಅಲಿ. ಹೈದರ್ ಮತ್ತು ಅವನ ಮಗ ಟಿಪ್ಪುವಿನ ಕಾಲದಲ್ಲಿ ಮಣ್ಣಿನ ಕೋಟೆ ಕಲ್ಲಿನ ಕೋಟೆಯಾಯಿತು. 1791ರಲ್ಲಿ ಮೂರನೇ ಮೈಸೂರು ಯುದ್ಧದ ಸಂದರ್ಭ ಲಾರ್ಡ್ ಕಾರ್ನ್‌ವಾಲಿಸನ ಸೈನ್ಯ ಇದನ್ನು ಕೈವಶ ಮಾಡಿಕೊಂಡಿತು.

ಅಂಡಾಕಾರದ ಈ ಕೋಟೆ ಸುಮಾರು 20 ಎಕರೆ ವಿಸ್ತಾರದ್ದು. ಅರ್ಧವೃತ್ತಾಕಾರದ 12 ಕೊತ್ತಲಗಳು, ಪೂರ್ವ ಹಾಗೂ ಪಶ್ಚಿಮಕ್ಕೆ ಎರಡು ಬಾಗಿಲುಗಳಿವೆ. ಇದು ಬರಿಯ ಸ್ಮಾರಕವಲ್ಲ. ಗೋಡೆಯೊಳಗೆ ಇಂದಿಗೂ ಮನೆಗಳಿವೆ, ಬೀದಿಗಳಿವೆ, ಸಂಜೆಯಾದರೆ ಜಗಲಿಯ ಮೇಲೆ ಕುಳಿತು ಮಾತನಾಡುವ ಜನರಿದ್ದಾರೆ. ಕೋಟೆಯೊಳಗಿನ ವೇಣುಗೋಪಾಲಸ್ವಾಮಿ ದೇವಾಲಯದ ಹೊರಗೋಡೆಯ ಮೇಲೆ ರಾಮಾಯಣದ ಪ್ರಸಂಗಗಳನ್ನೂ ಬಾಲಕೃಷ್ಣನ ಲೀಲೆಗಳನ್ನೂ ಸಾಲಾಗಿ ಕೆತ್ತಲಾಗಿದೆ. ಕಥೆ ಬಲ್ಲವರು ಗೋಡೆಯ ಸುತ್ತ ನಿಧಾನವಾಗಿ ನಡೆದರೆ ಒಂದೊಂದು ಪ್ರಸಂಗವನ್ನೂ ಗುರುತಿಸಬಹುದು. ಕೋಟೆಯ ಹೊರಗೆ ಸ್ವಲ್ಪ ದೂರದಲ್ಲಿ ಟಿಪ್ಪು ಹುಟ್ಟಿದ ಸ್ಥಳವೆಂದು ಗುರುತಿಸಿದ ಚಿಕ್ಕ ಕಂಬಗಳ ಕಟ್ಟೆ ಇದೆ. ಅದರೊಳಗೆ ಒಂದು ಕಲ್ಲುಫಲಕ.

ನಿಲ್ದಾಣದ ಆವರಣದಲ್ಲಿ ನಿಂತ ಕೆಂಪೇಗೌಡರಿಗೂ ಈ ಊರಿಗೂ ಇರುವ ನಂಟು ಹಲವರಿಗೆ ತಿಳಿದಿರಲಾರದು. ದೇವನಹಳ್ಳಿಯಿಂದ ಚಿಕ್ಕಬಳ್ಳಾಪುರದತ್ತ ಸಾಗುವ ಹೆದ್ದಾರಿಯಲ್ಲಿ ಆವತಿ ಎಂಬ ಹಳ್ಳಿ ಸಿಗುತ್ತದೆ. ಕಂಚಿಯ ಕಡೆಯಿಂದ ವಲಸೆ ಬಂದ ರಣಬೈರೇಗೌಡ ಮತ್ತು ಸೋದರರು ಇಲ್ಲಿ ನೆಲೆನಿಂತರೆಂದೂ ದೇವನಹಳ್ಳಿ, ದೊಡ್ಡಬಳ್ಳಾಪುರ, ಯಲಹಂಕದ ನಾಡಪ್ರಭುಗಳ ಮನೆತನಗಳು ಆ ಮೂಲದಿಂದ ಕವಲೊಡೆದವೆಂದೂ ಪರಂಪರೆಯ ನಂಬಿಕೆ. ಯಲಹಂಕದ ಕವಲಿನಲ್ಲಿ ಹುಟ್ಟಿದ ಕೆಂಪೇಗೌಡರು 1537ರಲ್ಲಿ ಬೆಂಗಳೂರು ಕೋಟೆಗೆ ಅಡಿಪಾಯ ಹಾಕಿದರು.

ಈ ಸೀಮೆಯ ಹೆಸರಾಂತ ಹಣ್ಣು ಚಕ್ಕೋತ. ದೇವನಹಳ್ಳಿ ಚಕ್ಕೋತಕ್ಕೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ದೊರೆತಿದೆ. ನಿಲ್ದಾಣ ಬಂದ ಮೇಲೆ ಭೂಮಿಯ ಬೆಲೆ ಏರಿ, ತೋಟಗಳು ನಿವೇಶನಗಳಾಗಿ, ಚಕ್ಕೋತದ ಮರಗಳು ವಿರಳವಾಗಿವೆ. ಹಣ್ಣಿನ ಕಾಲದಲ್ಲಿ ಬಂದವರಿಗೆ ಪಟ್ಟಣದಲ್ಲಿ ಸಿಗಬಹುದು. ಭೂಮಿಯ ಪ್ರಶ್ನೆ ಇಲ್ಲಿ ತೀರ ಹತ್ತಿರದ್ದು. ವೈಮಾಂತರಿಕ್ಷ ಪಾರ್ಕಿಗೆಂದು ದೇವನಹಳ್ಳಿ ತಾಲ್ಲೂಕು ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆ ಸ್ವಾಧೀನಕ್ಕೆ ಸರ್ಕಾರ ಮುಂದಾದಾಗ ರೈತರು 2022ರಿಂದ ಮೂರು ವರ್ಷಕ್ಕೂ ಮಿಕ್ಕಿ ಧರಣಿ ನಡೆಸಿದರು. 2025ರ ಜುಲೈ 15ರಂದು ಆ ಪ್ರಸ್ತಾವವನ್ನು ಕೈಬಿಡುವುದಾಗಿ ಮುಖ್ಯಮಂತ್ರಿ ಸಿದ್ದರಾಮಯ್ಯ ಪ್ರಕಟಿಸಿದರು. ರಾಗಿ ಹೊಲ, ದ್ರಾಕ್ಷಿ ಚಪ್ಪರಗಳ ನಡುವೆ ಬಡಾವಣೆಗಳ ನಾಮಫಲಕ ಕಾಣುವಾಗ ಈ ಹಿನ್ನೆಲೆ ನೆನಪಿದ್ದರೆ, ದಾರಿಯ ನೋಟವೂ ಬೇರೆಯಾಗುತ್ತದೆ.

ಎಂಟು ಗಂಟೆಗಿಂತ ಹೆಚ್ಚಿದ್ದರೆ: ನಂದಿ

ನಿಲ್ದಾಣದಿಂದ ಸುಮಾರು 35 ಕಿ.ಮೀ., ಹೆಚ್ಚು ಕಡಿಮೆ ಒಂದು ಗಂಟೆಯ ದಾರಿ. ಬೆಟ್ಟದ ಮೇಲೊಂದು, ಬುಡದಲ್ಲೊಂದು ಎರಡು ಬೇರೆ ಆಕರ್ಷಣೆಗಳಿವೆ. ಎಂಟು ಒಂಬತ್ತು ಗಂಟೆಯ ಲೇಓವರ್‌ನಲ್ಲಿ ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಹತ್ತು ಗಂಟೆಗೆ ಮೇಲ್ಪಟ್ಟರೆ ಎರಡನ್ನೂ ನೋಡಬಹುದು.

ಒಂದನ್ನೇ ಆರಿಸುವುದಾದರೆ ಬುಡದ ನಂದಿ ಗ್ರಾಮದಲ್ಲಿರುವ ಭೋಗನಂದೀಶ್ವರ ದೇವಾಲಯವೇ ಉತ್ತಮ. ಘಟ್ಟದ ತಿರುವುಗಳಿಲ್ಲ, ವಾಹನ ಸಾಲಿನ ಭಯವಿಲ್ಲ. 9ನೇ ಶತಮಾನದಷ್ಟು ಹಳೆಯದಾದ ಈ ದೇವಾಲಯ ಸಂಕೀರ್ಣದಲ್ಲಿ ಅರುಣಾಚಲೇಶ್ವರ ಮತ್ತು ಭೋಗನಂದೀಶ್ವರರ ಜೋಡಿ ಗುಡಿಗಳು, ಅವುಗಳ ನಡುವೆ ಉಮಾಮಹೇಶ್ವರನ ಚಿಕ್ಕ ಗುಡಿ ಇವೆ. ನೊಳಂಬ, ಗಂಗ, ಚೋಳ, ಹೊಯ್ಸಳ, ವಿಜಯನಗರ ಹೀಗೆ ಒಂದರ ಮೇಲೊಂದು ಕಾಲದ ಕೆಲಸ ಇಲ್ಲಿ ಕೂಡಿಕೊಂಡಿದೆ. ಕಪ್ಪು ಶಿಲೆಯ ಕಲ್ಯಾಣ ಮಂಟಪದ ಕಂಬಗಳ ಮೇಲಿನ ಬಳ್ಳಿ, ಗಿಳಿ, ದೇವದಂಪತಿಗಳ ಕೆತ್ತನೆಯನ್ನು ಹತ್ತಿರ ನಿಂತು ನೋಡಬೇಕು. ಹಿಂಬದಿಯ ಶೃಂಗಿತೀರ್ಥವೆಂಬ ಕಲ್ಯಾಣಿಯ ಮೆಟ್ಟಿಲ ಮೇಲೆ ಕುಳಿತರೆ, ಹಿಂದಿನ ವಿಮಾನದ ದಣಿವೂ ಮುಂದಿನ ವಿಮಾನದ ಕಾತರವೂ ಸ್ವಲ್ಪ ಹೊತ್ತು ದೂರವಾಗುತ್ತವೆ. ಅರುಣಾಚಲೇಶ್ವರ ಶಿವನ ಬಾಲ್ಯ, ಭೋಗನಂದೀಶ್ವರ ಯೌವನ, ಬೆಟ್ಟದ ಮೇಲಿನ ಯೋಗನಂದೀಶ್ವರ ವೈರಾಗ್ಯವೆಂಬುದು ಸ್ಥಳದ ಪ್ರತೀತಿ. ವಿರಾಗಿಯಾದ ದೇವರಿಗೆ ಮೇಲೆ ಕಲ್ಯಾಣೋತ್ಸವವಿಲ್ಲ; ಸಂಭ್ರಮವೆಲ್ಲ ಕೆಳಗೆ.

ನಂದಿಬೆಟ್ಟದ ಎತ್ತರ ಸಮುದ್ರಮಟ್ಟದಿಂದ 1,478 ಮೀಟರ್. ವಿಮಾನ ನಿಲ್ದಾಣವೇ 915 ಮೀಟರ್ ಎತ್ತರದಲ್ಲಿದೆಯಾದರೂ ಮೇಲೇರಿದಾಗ ಗಾಳಿಯ ತಂಪು ಬೇರೆಯೇ. ಟಿಪ್ಪುವಿನ ಬೇಸಿಗೆ ಅರಮನೆ, ಯೋಗನಂದೀಶ್ವರ ದೇವಾಲಯ, ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ನನ ಹೆಸರಿನ ಬಂಗಲೆ ಇಲ್ಲಿವೆ. ದುರ್ಗಮವೆಂದು ಹೆಸರಾಗಿದ್ದ ಈ ಗಿರಿದುರ್ಗವನ್ನು ಬ್ರಿಟಿಷರು 1791ರ ಅಕ್ಟೋಬರಿನಲ್ಲಿ ಮುತ್ತಿಗೆ ಹಾಕಿ ಗೆದ್ದರು. ಗಾಂಧೀಜಿ 1927ರಲ್ಲಿಯೂ 1936ರಲ್ಲಿಯೂ ಆರೋಗ್ಯ ಸುಧಾರಣೆಗೆಂದು ಇಲ್ಲಿ ತಂಗಿದ್ದರು. 1986ರಲ್ಲಿ ಬೆಂಗಳೂರಿನಲ್ಲಿ ನಡೆದ ಸಾರ್ಕ್ ಶೃಂಗಸಭೆಯ ನಾಯಕರು ಅನೌಪಚಾರಿಕ ಮಾತುಕತೆಗೆ ಆರಿಸಿಕೊಂಡದ್ದೂ ಈ ಬೆಟ್ಟವನ್ನೇ.

ಆದರೆ ಶನಿವಾರ, ಭಾನುವಾರ ಹಾಗೂ ರಜೆಯ ದಿನಗಳಲ್ಲಿ ಲೇಓವರ್ ಪ್ರಯಾಣಿಕರು ಬೆಟ್ಟದ ಹಂಬಲವನ್ನು ಬಿಡುವುದೇ ಒಳ್ಳೆಯದು. ಸೂರ್ಯೋದಯ ನೋಡಲು ಬೆಂಗಳೂರಿನಿಂದ ಬರುವ ವಾಹನಗಳು ಕಿರಿದಾದ ಘಟ್ಟದ ರಸ್ತೆಯಲ್ಲಿ ಸಾಲುಗಟ್ಟುತ್ತವೆ. ಇಳಿಯುವಾಗ ಸಿಕ್ಕಿಕೊಂಡರೆ ಪಕ್ಕಕ್ಕೆ ಸರಿದು ಹೋಗುವ ಬೇರೆ ದಾರಿಯಿಲ್ಲ. 2021ರ ಆಗಸ್ಟ್‌ನಲ್ಲಿ ಭೂಕುಸಿತದಿಂದ ಈ ರಸ್ತೆ ಕೆಲಕಾಲ ಬಂದ್ ಆಗಿತ್ತು. ಮಳೆಗಾಲದಲ್ಲಿ ಹೊರಡುವ ಮೊದಲು ರಸ್ತೆ ತೆರೆದಿದೆಯೇ ಎಂದು ವಿಚಾರಿಸಬೇಕು.

ಅದೇ ದಿಕ್ಕಿನಲ್ಲಿರುವ ಮುದ್ದೇನಹಳ್ಳಿ ಸರ್ ಎಂ. ವಿಶ್ವೇಶ್ವರಯ್ಯನವರ ಹುಟ್ಟೂರು. ಕೃಷ್ಣರಾಜಸಾಗರದ ಹೆಸರಿನೊಂದಿಗೆ ಎಂದೆಂದಿಗೂ ಬೆಸೆದುಕೊಂಡ, 1955ರಲ್ಲಿ ಭಾರತರತ್ನ ಪಡೆದ ಈ ಇಂಜಿನಿಯರ್ ನೂರು ವರ್ಷ ದಾಟಿ ಬದುಕಿ 1962ರಲ್ಲಿ ನಿಧನರಾದರು. ಅವರ ಮನೆ ಈಗ ವಸ್ತುಸಂಗ್ರಹಾಲಯ. ಸಮಾಧಿಯೂ ಇದೇ ಊರಿನಲ್ಲಿದೆ. ಮಕ್ಕಳೊಂದಿಗೆ ಪ್ರಯಾಣಿಸುವವರು ಭೋಗನಂದೀಶ್ವರದ ಜೊತೆಗೆ ಇದನ್ನು ಸೇರಿಸಿಕೊಳ್ಳಬಹುದು.

ಬೆಂಗಳೂರು ನಗರಕ್ಕೆ ಹೋಗುವುದಾದರೆ

ನಗರಕ್ಕೆ ಹೋಗಲೇಬಾರದೆಂದಲ್ಲ. ಹನ್ನೊಂದು ಹನ್ನೆರಡು ಗಂಟೆಯ ಅವಧಿಯಿದ್ದು, ಬೆಳಗಿನ ಜಾವ ಇಳಿದು ಮಧ್ಯಾಹ್ನದೊಳಗೆ ಹಿಂದಿರುಗುವಂತಿದ್ದರೆ ಹೋಗಿ ಬರಬಹುದು. ಆದರೆ ನಗರವನ್ನು ಅಡ್ಡಹಾಯಬೇಕಾದ ಲಾಲ್‌ಬಾಗ್, ಬಸವನಗುಡಿಗಳ ಬದಲು ಉತ್ತರ ಮಗ್ಗುಲಿನ ಮಲ್ಲೇಶ್ವರವನ್ನು ಆರಿಸಿಕೊಳ್ಳುವುದು ಜಾಣತನ. ಶಿವಾಜಿಯ ಮಲಸೋದರ ಏಕೋಜಿಯ ಕಾಲದ ಶಾಸನವಿರುವ ಕಾಡು ಮಲ್ಲೇಶ್ವರ ದೇವಾಲಯ, 1997ರಲ್ಲಿ ಮಣ್ಣಿನಡಿಯಿಂದ ಬೆಳಕಿಗೆ ಬಂದ ಎದುರಿನ ನಂದಿತೀರ್ಥ, ಎಂಟನೇ ಅಡ್ಡರಸ್ತೆಯ ಹೂವು ಹಣ್ಣಿನ ಅಂಗಡಿಗಳು, ಬೆಣ್ಣೆ ಮಸಾಲೆ ದೋಸೆಗೆ ಹೆಸರಾದ ಹಳೆಯ ಹೋಟೆಲುಗಳು ಎಲ್ಲವೂ ನಡಿಗೆಯ ಅಂತರದಲ್ಲಿ ಸಿಗುತ್ತವೆ.

ಬಳ್ಳಾರಿ ರಸ್ತೆಯಲ್ಲಿ ಹೆಬ್ಬಾಳವೇ ಗಂಟು. ಮಧ್ಯರಾತ್ರಿ ಮುಕ್ಕಾಲು ಗಂಟೆಯಲ್ಲಿ ಮುಗಿಯುವ ದಾರಿ ಸಂಜೆಯ ವೇಳೆ ಎರಡು ಗಂಟೆ ಹಿಡಿಯಬಲ್ಲದು. ಆದ್ದರಿಂದ ಸಂಜೆ 4ರಿಂದ ರಾತ್ರಿ 9ರ ನಡುವೆ ನಗರದಿಂದ ಮರಳಬೇಕಾದ ಯಾವ ಯೋಜನೆಯನ್ನೂ ಹಾಕಿಕೊಳ್ಳಬಾರದು.

ರಾತ್ರಿಯ ಲೇಓವರ್ ಮತ್ತು ಮಂಜು

ರಾತ್ರಿ ಹತ್ತಕ್ಕೆ ಇಳಿದು ಬೆಳಿಗ್ಗೆ ಆರಕ್ಕೆ ಹೊರಡುವವರಿಗೆ ನೋಡುವ ಮಾತೇ ಇಲ್ಲ, ನಿದ್ದೆಯೇ ಮುಖ್ಯ. ನಿಲ್ದಾಣದ ಆವರಣದಲ್ಲಿ ಹೋಟೆಲಿದೆ, ಆದರೆ ದರ ದುಬಾರಿ. ದೇವನಹಳ್ಳಿ ಮತ್ತು ಹೆದ್ದಾರಿಯ ಬದಿಯಲ್ಲಿ ಮಿತದರದ ವಸತಿಗೃಹಗಳು ಸಿಗುತ್ತವೆ. ನಸುಕಿನಲ್ಲಿ ನಿಲ್ದಾಣಕ್ಕೆ ಬಿಡುವ ವಾಹನ ವ್ಯವಸ್ಥೆ ಅವರಲ್ಲಿದೆಯೇ ಎಂದು ಕೊಠಡಿ ಹಿಡಿಯುವಾಗಲೇ ಕೇಳಿಕೊಳ್ಳಬೇಕು.

ನವೆಂಬರಿನಿಂದ ಫೆಬ್ರವರಿಯವರೆಗೆ ದೇವನಹಳ್ಳಿ ಸೀಮೆಯಲ್ಲಿ ಮುಂಜಾನೆ ಮಂಜು ಕವಿಯುವುದುಂಟು. ಆಗ ವಿಮಾನಗಳು ತಡವಾಗುತ್ತವೆ. ‘ಹೇಗೂ ತಡ’ ಎಂದು ಹೊರಗೆ ಸುತ್ತುವವರು ಒಂದನ್ನು ಮರೆಯಬಾರದು: ಪ್ರಕಟವಾದ ವಿಳಂಬ ಕಡಿಮೆಯಾಗಲೂಬಹುದು. ಸಂಸ್ಥೆಯ ಸಂದೇಶ ಬರುವ ಮೊಬೈಲ್ ಸಂಖ್ಯೆ ಟಿಕೆಟ್ಟಿನಲ್ಲಿ ಸರಿಯಾಗಿ ದಾಖಲಾಗಿರಲಿ.

ವಾಹನ ಯಾವುದು?

ದೇವನಹಳ್ಳಿ, ನಂದಿಯ ಕಡೆಗೆ ಹೋಗಿ ಬರುವ ಬಾಡಿಗೆಗೇ ಟ್ಯಾಕ್ಸಿ ಗೊತ್ತುಪಡಿಸಿಕೊಳ್ಳುವುದು ಕಡ್ಡಾಯವೆಂದೇ ತಿಳಿಯಬೇಕು. ಹೋಗುವಾಗ ಆ್ಯಪ್ ಮೂಲಕ ಸುಲಭವಾಗಿ ಸಿಗುವ ವಾಹನ ಬೆಟ್ಟದ ಬುಡದಲ್ಲಿ ಹಿಂದಿರುಗಲು ಸಿಗದೆ ಹೋಗಬಹುದು. ಕಾಯುವ ದರ, ಟೋಲ್, ನಿಲುಗಡೆ ಶುಲ್ಕ ಸೇರಿವೆಯೇ ಎಂಬುದನ್ನು ಹತ್ತುವ ಮೊದಲೇ ಮಾತಾಡಿಕೊಳ್ಳಬೇಕು.

ನಗರಕ್ಕೆ ಹೋಗುವವರಿಗೆ ಬಿಎಂಟಿಸಿಯ ಹವಾನಿಯಂತ್ರಿತ ‘ವಾಯುವಜ್ರ’ ಬಸ್ಸುಗಳಿವೆ. ಕೆಐಎ-9 ಸಂಖ್ಯೆಯ ಬಸ್ಸು ಮೆಜೆಸ್ಟಿಕ್‌ಗೆ ಹೋಗುತ್ತದೆ. 2021ರ ಜನವರಿಯಲ್ಲಿ ನಿಲ್ದಾಣದ ಸಮೀಪ ರೈಲು ನಿಲುಗಡೆಯೊಂದು ಆರಂಭವಾಯಿತಾದರೂ ದಿನಕ್ಕೆ ಓಡುವ ರೈಲುಗಳು ಕೆಲವೇ. ವೇಳಾಪಟ್ಟಿ ಹೊಂದಿಕೆಯಾದರೆ ಮಾತ್ರ ಅದು ಪ್ರಯೋಜನಕ್ಕೆ ಬರುತ್ತದೆ.

ಹೊರಡುವ ಮುನ್ನ ಗಮನಿಸಬೇಕಾದ ಅಂಶಗಳು

* ಆರು ಗಂಟೆಗಿಂತ ಕಡಿಮೆ: ಟರ್ಮಿನಲ್ ಮತ್ತು ಆವರಣ.
* ಆರರಿಂದ ಎಂಟು ಗಂಟೆ: ದೇವನಹಳ್ಳಿ ಕೋಟೆ ಮತ್ತು ಪಟ್ಟಣ.
* ಎಂಟರಿಂದ ಹನ್ನೊಂದು ಗಂಟೆ: ಭೋಗನಂದೀಶ್ವರ, ಮುದ್ದೇನಹಳ್ಳಿ, ವಾರದ ದಿನಗಳಲ್ಲಿ ನಂದಿಬೆಟ್ಟ.
* ಹನ್ನೊಂದು ಗಂಟೆಗಿಂತ ಹೆಚ್ಚು: ಹಗಲಿನಲ್ಲಾದರೆ ಮಲ್ಲೇಶ್ವರ.
* ಮುಂದಿನ ವಿಮಾನ ಅಂತರರಾಷ್ಟ್ರೀಯವಾದರೆ ಅಥವಾ ಬಂದದ್ದು ವಿದೇಶದಿಂದಾದರೆ ಪ್ರತಿಯೊಂದು ಹಂತಕ್ಕೂ ಇನ್ನೊಂದು ಗಂಟೆ ಸೇರಿಸಿಕೊಳ್ಳಬೇಕು.
* ಗುರುತಿನ ಚೀಟಿ, ಟಿಕೆಟ್, ಔಷಧಿ, ಚಾರ್ಜ್ ಆದ ಮೊಬೈಲ್ ಕೈಚೀಲದಲ್ಲೇ ಇರಲಿ.
* ಹೊರಡುವ ಮುನ್ನವೇ ಮರಳುವ ವೇಳೆಯನ್ನು ನಿಗದಿಪಡಿಸಿ ಚಾಲಕನಿಗೂ ಜೊತೆಗಾರರಿಗೂ ತಿಳಿಸಿರಬೇಕು.

ವಯಸ್ಸಾದವರು, ಚಿಕ್ಕ ಮಕ್ಕಳು ಜೊತೆಗಿದ್ದಾಗ ಒಂದು ಹಂತ ಕೆಳಗಿಳಿದು ಯೋಜಿಸುವುದು ಉಚಿತ. ನಂದಿಗೆ ಸಾಕಾಗುವ ಸಮಯವಿದ್ದರೂ ದೇವನಹಳ್ಳಿಯಲ್ಲೇ ನಿಲ್ಲಬಹುದು. ಉಳಿಸಿಕೊಂಡ ಒಂದು ಗಂಟೆ ವ್ಯರ್ಥವೆನಿಸಿದರೆ ಗೇಟಿನ ಮುಂದೆ ಕುಳಿತು ಕಾಫಿ ಕುಡಿಯಬಹುದು. ತಪ್ಪಿಹೋದ ವಿಮಾನವನ್ನು ಮಾತ್ರ ಮರಳಿ ಕರೆಯಲು ಬಾರದು.